ವ್ಯಾಖ್ಯಾನದ ಹೊರಗೆ ನಿಂತವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಈಗ ರಾಯಚೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನಾನು ಒಳಗೆ ಬರುವಾಗಲೇ ಮಕ್ಕಳು ನನ್ನ ಹುಬ್ಬು ನೋಡಿ ಅವತ್ತು ಮಾತಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರಂತೆ. ಈ ಓದನ್ನು ಒಮ್ಮೆ ಅರ್ಧಕ್ಕೇ ಬಿಟ್ಟು ಹೊರಟದ್ದೂ ಆ ಸಿಟ್ಟಿನಿಂದಲೇ. ಬಿಡದ ಹಾಗೆ ಮಾಡಿದವರು ಇದೇ ರಾಯಚೂರಿನಲ್ಲಿ ಎಂ.ಎ.ಯಲ್ಲಿ ನನಗೆ ಪಾಠ ಮಾಡಿದ ಮೇಡಂ. ನಾನು ಕಂಡ ವಿದ್ವಾಂಸರಲ್ಲಿ ಅವರಷ್ಟು ಧೈರ್ಯದವರನ್ನು ಇನ್ನೂ ಕಂಡಿಲ್ಲ.

ಮೇಡಂ ಮಾನ್ವಿಯವರು, ವೈಷ್ಣವರ ಮನೆಯ ಮಗಳು. ತಂದೆ ಗುಡಿಯ ಪೂಜೆ ಮಾಡಿಕೊಂಡೇ ಮಕ್ಕಳನ್ನು ಓದಿಸಿದ್ದರು. ನಾನು ದೇವದುರ್ಗದವಳು. ನಮ್ಮದು ಕೂಲಿ ಮಾಡಿ ಬದುಕಿದ ಮನೆತನ. ಬೌದ್ಧರಾಗಿದ್ದು ಅಪ್ಪನ ಕಾಲಕ್ಕೆ. ಅಪ್ಪ ಸರಕಾರಿ ಶಾಲೆಯಲ್ಲಿ ಜವಾನನಾಗಿದ್ದ. ನಮ್ಮ ಮನೆಯಲ್ಲಿ ದೇವರ ಜಗಲಿಯ ಮೇಲೆ ಬುದ್ಧನ ಮೂರ್ತಿ ಬಿಟ್ಟರೆ ಬೇರೆ ಏನೂ ಇರಲಿಲ್ಲ, ಅದಕ್ಕೂ ಅಪ್ಪ ಕೈಮುಗಿಯುತ್ತಿದ್ದನೇ ಹೊರತು ಏನನ್ನೂ ಬೇಡುತ್ತಿರಲಿಲ್ಲ.

‘ಧರ್ಮ ಎಂದರೇನು’ ಎಂಬ ಪಾಠ ಎಲ್ಲ ಕಡೆ ಒಂದೇ ತರಹ ನಡೆಯುತ್ತದೆ. ಯಾವ ಪಂಡಿತ ಏನಂದ ಎಂದು ಬರೆಸುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಕೊನೆಗೆ ‘ಹೀಗೆ ಹಲವು ಅಭಿಪ್ರಾಯಗಳಿವೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮುಂದಿನ ಪಾಠಕ್ಕೆ ಹೋಗುತ್ತಾರೆ. ಮೇಡಂ ಹಾಗಲ್ಲ. ಅವರು ಬಂದವರೇ ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಎಳೆಯುತ್ತಿದ್ದರು. ಆ ದಿನದ ವ್ಯಾಖ್ಯಾನವನ್ನು ಅದರೊಳಗೆ ಬರೆದು, ಕೈಯ ಸೀಮೆಸುಣ್ಣ ಸೆರಗಿಗೆ ಒರೆಸಿಕೊಂಡು ನಮ್ಮ ಕಡೆ ತಿರುಗುತ್ತಿದ್ದರು.

“ಇದು ಮನಿ ಅಂತ ತಿಳೀರಿ. ಒಳಗ ಯಾರು ಬಂದ್ರು ಅಂತ ಎಲ್ಲಾರೂ ನೋಡ್ತಾರ. ನೀವು ಹೊರಗ ಯಾರು ನಿಂತ್ರು ಅದನ್ನ ನೋಡ್ರಿ,” ಎನ್ನುತ್ತಿದ್ದರು. ಯಾವ ವ್ಯಾಖ್ಯಾನವೇ ಇರಲಿ, ನಮಗೆ ಗೊತ್ತಿರುವ ಓಣಿಗೆ, ಗೊತ್ತಿರುವ ಮನೆಗೆ ಅದನ್ನು ಒಯ್ದು ನೋಡಬೇಕು. ಅದು ಅವರ ಪದ್ಧತಿ.

ಮೊದಲ ದಿನ ನಾವೆಲ್ಲ ಒಂದೇ ಬಾಯಲ್ಲಿ, ದೇವರನ್ನು ನಂಬುವುದೇ ಧರ್ಮ ಎಂದೆವು. ಮೇಡಂ ಅದನ್ನೇ ಬರೆದರು. ಹಳೆಯ ಕಾಲದ ದೊಡ್ಡ ಪಂಡಿತರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ, ಕಣ್ಣಿಗೆ ಕಾಣದ ಶಕ್ತಿಗಳ ಮೇಲಿನ ನಂಬಿಕೆಯೇ ಧರ್ಮದ ತಿರುಳು ಅಂದಿದ್ದಾರೆ, ಆದ್ದರಿಂದ ನೀವೇನೂ ದಡ್ಡರಲ್ಲ ಎಂದು ನಗಿಸಿದರು. ಆಮೇಲೆ, “ಹೊರಗ ಯಾರು ನಿಂತ್ರು?” ಅಂದರು. ನಾನು ಎದ್ದು, “ನಮ್ಮಪ್ಪರೀ,” ಅಂದೆ. ಅಪ್ಪ ಬೇಡುವುದಿಲ್ಲ, ಹರಕೆ ಹೊರುವುದಿಲ್ಲ, ಆದರೆ ಹುಣ್ಣಿಮೆಗೆ ಬಿಳಿ ಅಂಗಿ ತೊಟ್ಟು ವಂದನೆ ಹೇಳುತ್ತಾನೆ, ಕುಡಿಯುವುದನ್ನು ಅದಕ್ಕಾಗಿಯೇ ಬಿಟ್ಟಿದ್ದಾನೆ ಎಂದು ಹೇಳಿದೆ. ಮೇಡಂ ವೃತ್ತದ ಹೊರಗೆ ‘ದೇವದುರ್ಗದ ಅಪ್ಪ’ ಎಂದು ಬರೆದರು. ಸಮುದ್ರದಾಚೆಯ ಪಂಡಿತನೊಬ್ಬನ ವ್ಯಾಖ್ಯಾನವನ್ನು ನಮ್ಮಪ್ಪ ಕೆಡವಿದ್ದ. ಅವತ್ತು ಹಾಸ್ಟೆಲ್‌ಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮರುದಿನ ಮತ್ತೊಂದು ವೃತ್ತ. ಧರ್ಮ ಏನು ಎಂದು ಕೇಳಬೇಡಿ, ಅದು ಏನು ಮಾಡುತ್ತದೆ ಎಂದು ಕೇಳಿ, ಜನರನ್ನು ಒಂದುಗೂಡಿಸಿ ಬದುಕಿಗೆ ಅರ್ಥ ಕೊಡುವುದು ಯಾವುದೋ ಅದೇ ಧರ್ಮ ಎನ್ನುವವರ ಗುಂಪಿನದು. ಯಾಪಲದಿನ್ನಿಯ ಕಡೆಯ ಒಬ್ಬ ಸಹಪಾಠಿ ಎದ್ದು, “ಹಂಗಾದ್ರ ಕ್ರಿಕೆಟ್ ಮ್ಯಾಚೂ ಧರ್ಮ ಆತಲ್ರೀ ಮೇಡಂ,” ಅಂದ. ಮೇಡಂ ಖುಷಿಯಿಂದ ಕ್ರಿಕೆಟ್ಟನ್ನು ವೃತ್ತದೊಳಗೆ ಬರೆದರು. ಆಮೇಲೆ ನಾವು ರಾಜಕೀಯ ಪಕ್ಷ, ಸಿನಿಮಾ ನಟರ ಅಭಿಮಾನಿ ಸಂಘ, ಮಹಿಳಾ ಸ್ವಸಹಾಯ ಸಂಘ ಎಲ್ಲವನ್ನೂ ತುಂಬಿಸಿದೆವು. “ನಿನ್ನಿ ಮನಿ ಬಾಗಲಾ ಭಾಳ ಸಣ್ಣದಾಗಿತ್ತು. ಈ ಮನಿಗೆ ಬಾಗಲಾನೇ ಇಲ್ಲ,” ಎಂದು ಮೇಡಂ ಬೋರ್ಡು ಒರೆಸಿದರು.

ಮಲ್ಲಟದ ಹುಡುಗಿಯೊಬ್ಬಳು, ನಮ್ಮ ಮನೆಯಲ್ಲಿ ಶನಿವಾರ ಹನುಮಪ್ಪನಿಗೆ ಎಲೆಪೂಜೆ, ಮೊಹರಂ ಬಂದರೆ ಅದೇ ಮನೆಯ ದೊಡ್ಡ ಮಗ ಹರಕೆ ಹೊತ್ತು ಫಕೀರನಾಗುತ್ತಾನೆ, ನಮ್ಮನ್ನು ಯಾವ ವೃತ್ತದೊಳಗೆ ಬರೆಯುತ್ತೀರಿ ಎಂದು ಕೇಳಿದಳು. “ನಿಮ್ಮ ಮನಿಯವ್ರು ಎರಡ್ರಾಗೂ ಆರಾಮ ಅದಾರ. ತ್ರಾಸ ಆಗಿದ್ದು ಗೆರಿ ಎಳಿಯೋ ನಮಗ,” ಅಂದರು ಮೇಡಂ. ಹೀಗೆ ದಿನಕ್ಕೊಂದು ಪಂಡಿತನ ಮನೆ ಕಟ್ಟಿ ಕೆಡವುತ್ತಿದ್ದೆವು. ಅಷ್ಟು ಸುಖವಾಗಿ ನಾನು ಯಾವ ತರಗತಿಯಲ್ಲೂ ಕೂತಿರಲಿಲ್ಲ.

ಮುಂದೆ ಬಂದ ವ್ಯಾಖ್ಯಾನ ಮೇಡಂಗೆ ಬಹಳ ಇಷ್ಟವಾದದ್ದು ಎಂದು ಅವರ ಮುಖವೇ ಹೇಳುತ್ತಿತ್ತು. ದೇವರ ಮಾತೇ ಬೇಡ, ಪ್ರತಿಯೊಂದು ಸಮಾಜವೂ ಕೆಲವನ್ನು ಉಳಿದವುಗಳಿಂದ ಬೇರೆ ಇಡುತ್ತದೆ, ಮುಟ್ಟಬಾರದು ಎಂದು ಕಾಯುತ್ತದೆ. ಹಾಗೆ ಬೇರೆ ಇಟ್ಟದ್ದೇ ಪವಿತ್ರ, ಅದರ ಸುತ್ತ ಬೆಳೆದ ನಂಬಿಕೆ ಆಚರಣೆಗಳೇ ಧರ್ಮ. “ನಮ್ಮಪ್ಪ ಮುಂಜಾನಿ ಮಡಿ ಉಟ್ಟರಂದ್ರ ಯಾರೂ ಅವರನ್ನ ಮುಟ್ಟಂಗಿಲ್ಲ. ಪೂಜಿ ಪಾತ್ರಿ ಬ್ಯಾರೆ, ನೀರು ಬ್ಯಾರೆ, ಬಟ್ಟಿ ಒಣಹಾಕೋ ಗಳ ಸುದ್ದಾ ಬ್ಯಾರೆ,” ಎಂದು ಅವರು ತಮ್ಮ ಮನೆಯನ್ನೇ ಉದಾಹರಣೆ ಕೊಟ್ಟರು. ಎಲ್ಲರೂ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು.

ನನಗೆ ಮಾತ್ರ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಣ್ಣ ಮುಂದೆ ಬಂದು ನಿಂತಳು. ಅವಳು ಹೋಗಿ ಆಗಲೇ ವರ್ಷಗಳಾಗಿದ್ದವು. ವಯಸ್ಸಿನಲ್ಲಿ ಊರ ಬಾವಿಯ ಹತ್ತಿರ ಕೊಡ ಇಟ್ಟು ದೂರ ನಿಂತು, ಯಾರಾದರೂ ಮೇಲಿನಿಂದ ನೀರು ಹಾಕಲಿ ಎಂದು ಕಾದವಳು. ಅಂಗಡಿಯವರು ಸಾಮಾನನ್ನು ಅವಳ ಕೈಗೆ ಕೊಡುತ್ತಿರಲಿಲ್ಲ, ಒಡ್ಡಿದ ಸೆರಗಿಗೆ ಮೇಲಿನಿಂದ ಹಾಕುತ್ತಿದ್ದರು. ಆ ರೂಢಿ ಅವಳನ್ನು ಸಾಯುವತನಕ ಬಿಡಲಿಲ್ಲ. ಜ್ವರದಲ್ಲಿ ಮಲಗಿದ್ದಾಗ ನಾನು ಗುಳಿಗೆ ಕೊಡಲು ಹೋದರೆ ನನಗೂ ಸೆರಗು ಒಡ್ಡಿದ್ದಳು. ಸ್ವಂತ ಮೊಮ್ಮಗಳಿಗೆ.

ನಾನು ಎದ್ದೆ. “ಮೇಡಂ, ಹಂಗಾದ್ರ ನಮ್ಮ ಆಯಿ ದೇವ್ರಾಗಬೇಕಿತ್ತಲ್ರೀ. ಆಕಿನ್ನೂ ಬ್ಯಾರೆ ಇಟ್ಟಿದ್ರು. ಆಕಿನ್ನೂ ಯಾರೂ ಮುಟ್ಟತಿದ್ದಿಲ್ಲ.”

ಹಿಂದಿನ ಬೆಂಚಿನವನೊಬ್ಬ, “ಅದು ಆ ಕಾಲದ ಪದ್ಧತಿರೀ. ಇದಕ್ಕ್ಯಾಕ ತಂದು ಹಚ್ಚತಾರ?” ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಬಗೆಯವನು ಅವನು. ಮೇಡಂ ಅವನ ಕಡೆ ನೋಡಲೇ ಇಲ್ಲ. ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ತಾವೇ ಬರೆದದ್ದನ್ನು ಓದಿದರು. ಆಮೇಲೆ, “ಇದಕ್ಕ ನನ್ನ ಹತ್ರ ಉತ್ತರ ಇಲ್ಲ. ಇವತ್ತಿಗೆ ಸಾಕು,” ಎಂದು ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟರು.

ಉತ್ತರ ಇಲ್ಲ ಎಂದು ತರಗತಿಯ ಎದುರು ಹೇಳುವುದು ಎಷ್ಟು ದೊಡ್ಡ ಮಾತು ಎಂದು ಈಗ ನನಗೆ ಗೊತ್ತು. ಅವತ್ತು ಗೊತ್ತಾಗಲಿಲ್ಲ. ಜಾರಿಕೊಂಡರು ಎಂದೇ ಅನ್ನಿಸಿತು. ಎಲ್ಲರ ಮನೆಯನ್ನೂ ಕೆಡವಿದವರು ತಮ್ಮ ಮನೆಯ ಮಾತು ಬಂದಾಗ ಬಾಗಿಲು ಹಾಕಿಕೊಂಡರು ಎಂದು ಕುದಿದೆ. ನಮ್ಮ ಆಯಿಗೆ ಜಾಗವಿಲ್ಲದ ಶಾಸ್ತ್ರ ನನಗೇಕೆ ಬೇಕು ಎಂದು ಬ್ಯಾಗು ತುಂಬಿಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ಅಪ್ಪ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿ, “ಇನ್ನ ನಾ ಹೋಗಂಗಿಲ್ಲಪ್ಪ. ಬಿ.ಎಡ್. ಮಾಡತೀನಿ,” ಅಂದೆ. ಹೆಣ್ಣಿಗೆ ಹಠ ಇರಬಾರದು ಎಂಬ ಗಾದೆಯನ್ನು ಅಪ್ಪ ಎಂದೂ ನನಗೆ ಹೇಳಿದವನಲ್ಲ. ನನ್ನ ಹಠ ಅವನದೇ ಬಳುವಳಿ. ಅವನು ಎಣ್ಣೆಯ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತ.

“ನೋಡವ್ವ, ನಾನೂ ಸಣ್ಣಾವಿದ್ದಾಗ ನಮ್ಮವ್ವನ ಜೋಡಿ ಬಾವಿತಾಕ ನಿಂದರತಿದ್ದೆ. ಆಮ್ಯಾಲೆ ದೊಡ್ಡಾವಾದ ಮ್ಯಾಲೆ ಕೇಳೀನಿ, ಯಾಕ ಹಂಗ ಮಾಡಿದ್ರಿ ಅಂತ. ಭಾಳ ಮಂದೀನ ಕೇಳೀನಿ, ಒಳ್ಳೇ ಮಂದೀನ. ಎಲ್ಲಾರೂ, ಕಾಲ ಹಂಗಿತ್ತಪ್ಪ ಅಂದ್ರು. ಕಾಲಕ್ಕ ಕೈ ಅದಾವೇನವ್ವ, ನೀರು ಎತ್ತಿ ಹಾಕಾಕ?”

ಅಪ್ಪ ಬಾವಿಯ ಮಾತು ತೆಗೆದದ್ದು ಅದೇ ಮೊದಲು.

“ನಿಮ್ಮ ಮೇಡಂನೂ ಹಂಗ ಅಂದ್ರ ಓದು ಬಿಟ್ಟು ಬಾ, ನಾ ಏನೂ ಅನ್ನಂಗಿಲ್ಲ. ಆದ್ರ ಆಕಿ ಇನ್ನಾ ಏನೂ ಅಂದಿಲ್ಲಲ್ಲ? ಉತ್ತರ ಕೇಳದ ಬಿಡಬ್ಯಾಡ,” ಅಂದ.

ಮೇಡಂ ಫೋನು ಬಂದದ್ದು ಅದಾದ ಮೇಲೆ. ಸುತ್ತುಬಳಸು ಮಾತಿಲ್ಲದೆ, “ಭಾನುವಾರ ನನ್ನ ಜೋಡಿ ಮಾನ್ವಿಗೆ ಬರ್ತೀ ಏನು? ನಮ್ಮಪ್ಪನ್ನ ಕೇಳೋಣಂತ,” ಅಂದರು. ನಾನು ಯಾರು, ಏನು ಕೇಳಿದ್ದೆ, ಎಲ್ಲವನ್ನೂ ತಂದೆಗೆ ಮೊದಲೇ ಹೇಳಿದ್ದರಂತೆ. ಬರಲಿ, ಪೂಜೆಯ ಹೊತ್ತಾದರೆ ಮಡಿಯಲ್ಲಿರುತ್ತೇನೆ, ಮಾತಿಗೇನೂ ಅಡ್ಡಿಯಿಲ್ಲ ಎಂದು ಅವರು ಹೇಳಿದ್ದರಂತೆ.

ನಾನು ರಾಯಚೂರಿಗೆ ಮರಳಿದೆ. ಅಲ್ಲಿಂದ ಮಾನ್ವಿಯ ಬಸ್ಸಿನಲ್ಲಿ ನಾವು ಪಕ್ಕಪಕ್ಕ ಕೂತೆವು. ದಾರಿಯುದ್ದಕ್ಕೂ ಬತ್ತದ ಗದ್ದೆಗಳಿಗೆ ನೀರು ಬಿಟ್ಟಿದ್ದರು. ಮೇಡಂ ನನ್ನ ಕಡೆ ನೋಡದೆ, “ಆ ವ್ಯಾಖ್ಯಾನ ನಾ ಎಷ್ಟೋ ವರ್ಷದಿಂದ ಕಲಿಸ್ಲಿಕತ್ತೀನಿ. ಪ್ರತಿ ಸಲ ನಮ್ಮಪ್ಪನ ಮಡೀನೇ ಉದಾಹರಣಿ. ಎಲ್ಲಾದಕ್ಕೂ ಹೊರಗ ಯಾರು ನಿಂತ್ರು ಅಂತ ಕೇಳಾಕಿ, ಇದಕ್ಕೊಂದಕ್ಕ ಕೇಳ್ಲೇ ಇಲ್ಲ. ಯಾಕಂದ್ರ ಆ ಮನ್ಯಾಗ ನಾ ಒಳಗ ಕೂತಿದ್ದೆ,” ಅಂದರು.

“ಉತ್ತರ ಸಿಗದಿದ್ರ ಏನ್ಮಾಡತೀರಿ?” ಎಂದು ಕೇಳಿದೆ. ನನ್ನ ದನಿ ಇನ್ನೂ ಖಾರವಾಗಿಯೇ ಇತ್ತು.

“ಸಿಗದಿದ್ರ ಆ ಪಾಠ ನಾ ಇನ್ನ ಮಾಡಂಗಿಲ್ಲ. ನೀ ಓದು ಬಿಡೂದು ನಿನಗ ಬಿಟ್ಟದ್ದು. ತಡಿಯೋ ಹಕ್ಕು ನನಗಿಲ್ಲ.”

ಮನೆ ಹಳೆಯ ಗಚ್ಚಿನದು, ಪಡಸಾಲೆ ತಂಪಾಗಿತ್ತು. ಮೇಡಂ ಅವರ ಅತ್ತಿಗೆ ಬಾಗಿಲಿಗೇ ಬಂದು ಕೈಹಿಡಿದು ಒಳಗೆ ಕರೆದರು, ಜಮಖಾನ ಹಾಸಿ ಕೂರಿಸಿದರು, ಕೈಗೆ ನೀರಿನ ಲೋಟ ಕೊಟ್ಟರು. ನಾನು ಎಲ್ಲವನ್ನೂ ಪೊಲೀಸಿನವಳ ಹಾಗೆ ಗಮನಿಸುತ್ತಿದ್ದೆ: ಲೋಟ ಬೇರೆಯದೋ ಅವರದೋ, ನಾನು ಕೂತ ಜಾಗ ಎಷ್ಟು ದೂರ. ಹಿತ್ತಲ ಬಾಗಿಲಿನಿಂದ ಮೇಡಂ ತಂದೆ ಬಂದರು. ಸಣಕಲು ದೇಹ, ಮೈಮೇಲೆ ಗೋಪಿಚಂದನ, ಕೈಯಲ್ಲಿ ತಾವೇ ಸೇದಿದ ನೀರಿನ ತಾಮ್ರದ ಕೊಡ. ಸಣ್ಣ ಮೊಮ್ಮಗಳು “ಅಜ್ಜಾ” ಎಂದು ಓಡಿ ಹೋದಳು. ಅತ್ತಿಗೆ ಹಿಂದಿನಿಂದ ಮಗಳ ಫ್ರಾಕು ಹಿಡಿದು ಎಳೆದುಕೊಂಡು, “ಮಡಿ ಅದ, ಮುಟ್ಟಬ್ಯಾಡ,” ಅಂದರು. ಮಗು ಅತ್ತಿತು. ಅಜ್ಜ ಅಲ್ಲೇ ನಿಂತು ಅದಕ್ಕೆ ಮುಖ ಸೊಟ್ಟ ಮಾಡಿ ನಗಿಸಿದರು.

ನನಗೆ ಗಲಿಬಿಲಿಯಾಯಿತು. ದೂರ ಇಡುವುದು ನಮ್ಮನ್ನು ಮಾತ್ರ ಎಂದುಕೊಂಡು ಬಂದವಳು ನಾನು. ಇಲ್ಲಿ ಎದೆಯ ಮೇಲೆ ಆಡುವ ಕೂಸನ್ನೂ ದೂರ ಇಟ್ಟಿದ್ದರು.

ಅಜ್ಜ ಕೊಡವನ್ನು ದೇವರ ಕೋಣೆಯ ಹೊಸ್ತಿಲಲ್ಲಿ ಇಟ್ಟು, ಅಲ್ಲೇ ಒಂದು ಮಣೆಯ ಮೇಲೆ ಕೂತರು. “ಬಾ ತಂಗಿ. ಏನೋ ಕೇಳೂದದ ಅಂತಲ್ಲ? ಕೇಳು,” ಅಂದರು.

ನಾನು ತಯಾರು ಮಾಡಿಕೊಂಡ ಮಾತುಗಳು ಒಂದೂ ಬರಲಿಲ್ಲ. ಆಗ ಮೇಡಂ ಮುಂದೆ ಸರಿದು ಕೂತರು. ಕ್ಷೇತ್ರಕಾರ್ಯಕ್ಕೆ ಹೋದಾಗ ಹೇಗೆ ಪ್ರಶ್ನೆ ಕೇಳಬೇಕು ಎಂದು ನಮಗೆ ಕಲಿಸಿದ್ದರಲ್ಲ, ಸಣ್ಣ ಪ್ರಶ್ನೆ, ಉತ್ತರವನ್ನು ನಾವೇ ಬಾಯಿಗೆ ಹಾಕಬಾರದು ಎಂದು, ಹಾಗೆಯೇ ಸ್ವಂತ ತಂದೆಯನ್ನು ಕೇಳಲು ಶುರುಮಾಡಿದರು.

“ಅಪ್ಪ, ಈ ಮಡಿ ನಿಮಗ ಯಾರು ಉಡಿಸ್ತಾರ?”

“ಯಾರು ಉಡಿಸ್ತಾರ? ನಾನೇ ಉಡ್ತೀನಿ. ಸ್ನಾನ ಮಾಡಿ.”

“ಎಷ್ಟೊತ್ತನಕ ಇರ್ತದ?”

“ಪೂಜಿ, ನೈವೇದ್ಯ, ಊಟ. ಊಟ ಆತಂದ್ರ ಮುಗೀತು. ಆಮ್ಯಾಲೆ ಈ ಮೊಮ್ಮಗಳು ನನ್ನ ತಲಿ ಮ್ಯಾಲೇ ಕೂಡ್ತಾಳ.”

“ಬಿಡಬೇಕಂದ್ರ ಯಾರ ಅಪ್ಪಣಿ ಬೇಕು?”

“ಅಪ್ಪಣಿ ಯಾತಕ್ಕ? ನಾ ಉಟ್ಟದ್ದು, ನಾ ಬಿಡ್ತೀನಿ. ಹಸಿವಾದ್ರ ಸ್ವಲ್ಪ ಲಗೂ ಬಿಡ್ತೀನಿ,” ಎಂದು ಅಜ್ಜ ನಕ್ಕರು. ಅತ್ತಿಗೆಯೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ.

ಮೇಡಂ ನಗಲಿಲ್ಲ. ಜಮಖಾನದ ಅಂಚನ್ನು ಅವರ ಬೆರಳುಗಳು ಗಟ್ಟಿಯಾಗಿ ಹಿಡಿದಿದ್ದವು. ಮಗಳಾಗಿ ಹುಟ್ಟಿ, ಅದೇ ಮನೆಯ ಅನ್ನ ಉಂಡು, ತಂದೆಯ ಎದುರು ಕೂತು ಮುಂದಿನ ಪ್ರಶ್ನೆ ಕೇಳಲು ಅವರಿಗೆ ಎಷ್ಟು ಕಷ್ಟವಾಯಿತು ಎಂದು ನಾನು ಕಣ್ಣಾರೆ ಕಂಡೆ. ಆದರೂ ದನಿ ಏರಿಸದೆ, ಇಳಿಸದೆ ಕೇಳಿದರು.

“ಈಕಿ ಆಯಿನ್ನೂ ಯಾರೂ ಮುಟ್ಟತಿದ್ದಿಲ್ಲ ಅಪ್ಪ. ಆಕಿಗೆ ಅದನ್ನ ಯಾರು ಉಡಿಸಿದ್ರು?”

ಅಜ್ಜನ ನಗು ನಿಂತಿತು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಕಾಲ ಎನ್ನುತ್ತಾರೆ, ಶಾಸ್ತ್ರ ಎನ್ನುತ್ತಾರೆ, ಹಿಂದಿನವರು ಎನ್ನುತ್ತಾರೆ. ಅಪ್ಪನಿಗೆ ಎಲ್ಲರೂ ಹೇಳಿದ್ದನ್ನೇ ಹೇಳುತ್ತಾರೆ, ನಾನು ನಾಳೆಯೇ ಹಾಸ್ಟೆಲ್ ಖಾಲಿ ಮಾಡುತ್ತೇನೆ. ಅಜ್ಜ ಕೊಡದೊಳಗಿನ ನೀರನ್ನೇ ನೋಡುತ್ತಾ ಕೂತಿದ್ದರು. ಒಳಗೆ ಅಡುಗೆಯ ಮನೆಯಲ್ಲಿ ಕುಕ್ಕರು ಕೂಗಿತು. ಅವರು ತಲೆ ಎತ್ತಿದಾಗ ಮಗಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ನಾವು,” ಅಂದರು.

ಸ್ವಲ್ಪ ತಡೆದು, “ನಾವು ಉಡಿಸಿದ್ವಿ ತಂಗಿ. ಬಿಡಸೂದು ಆಕಿ ಕೈಯಾಗ ಇದ್ದಿಲ್ಲ. ನಮ್ಮ ಕೈಯಾಗಿತ್ತು, ನಾವು ಬಿಡಸಲಿಲ್ಲ,” ಅಂದರು.

ಆಮೇಲೆ ನೈವೇದ್ಯಕ್ಕೆ ಹೊತ್ತಾಯಿತೆಂದು ಕೊಡ ಎತ್ತಿಕೊಂಡು ಒಳಗೆ ಹೋದರು. ಮಡಿ ಮುರಿದು ಬಂದು ನನ್ನ ತಲೆ ಸವರಲಿಲ್ಲ. ಸವರಿದ್ದರೆ ನನಗೆ ಸೇರುತ್ತಿರಲಿಲ್ಲ, ನಾಟಕ ಅನ್ನಿಸುತ್ತಿತ್ತು. ಅವರ ಗಂಟೆಯ ಸದ್ದು ಕೇಳುತ್ತಾ ಕೂತಿದ್ದಾಗ ನನ್ನೊಳಗಿನ ಬಿಸಿ ಇಳಿಯುತ್ತಿತ್ತು. ಅವರು ಮಡಿಯಲ್ಲೇ ಊಟ ಮುಗಿಸಿ, ಬನಿಯನ್ನು ತೊಟ್ಟು ಹೊರಗೆ ಬಂದರು. ಅಷ್ಟರಲ್ಲಿ ಮೇಡಂ, ಅತ್ತಿಗೆ, ನಾನು ಒಂದೇ ಸಾಲಿನಲ್ಲಿ ಉಣ್ಣಲು ಕೂತಿದ್ದೆವು. ಅಜ್ಜ ಪಕ್ಕದಲ್ಲೇ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಪಲ್ಯಕ್ಕೆ ಇನ್ನಷ್ಟು ಗುರೆಳ್ಳು ಪುಡಿ ಹಾಕಿಕೋ ಎಂದು ನನಗೆ ಹೇಳುತ್ತಿದ್ದರು.

ಒಂದು ಮಾತಿನಿಂದ ಆಯಿಯ ಆಯುಷ್ಯ ತಿರುಗಿ ಬರುವುದಿಲ್ಲ. ಅದನ್ನು ಅವತ್ತೂ ತಿಳಿದಿದ್ದೆ. ಆದರೆ ಎದುರಿಗೆ ಕೂತು, ಕಣ್ಣು ತಪ್ಪಿಸದೆ, ಆ ಮಾತನ್ನು ತಮ್ಮ ಮೇಲೆ ಎಳೆದುಕೊಂಡ ಅಜ್ಜನ ಬಗ್ಗೆ ನನಗೆ ಗೌರವ ಬಂತು. ಆ ಪ್ರಶ್ನೆಯನ್ನು ಅವರ ಮಗಳು ಕೇಳಿದ ರೀತಿಗೆ ಇನ್ನೂ ಹೆಚ್ಚು. ನನ್ನ ಸಿಟ್ಟನ್ನು ಸಮಾಧಾನ ಮಾಡಿ ಕಳಿಸುವುದು ಅವರಿಗೆ ಸುಲಭವಿತ್ತು. ಅವರು ಅದನ್ನು ಶಾಸ್ತ್ರದ ಪ್ರಶ್ನೆಯಾಗಿ ತೆಗೆದುಕೊಂಡರು.

ಮುಂದಿನ ತರಗತಿಯಲ್ಲಿ ಮೇಡಂ ಅದೇ ವೃತ್ತ ಎಳೆದು, ಅದೇ ವ್ಯಾಖ್ಯಾನ ಬರೆದು, ಹೊರಗೆ ‘ಆಯಿ’ ಎಂದು ಬರೆದರು. ಬೇರೆ ಇಡುವುದರಲ್ಲಿ ಎರಡು ಬಗೆ ಇದೆ, ತಾನೇ ಉಟ್ಟು ತಾನೇ ಬಿಡುವುದು ಒಂದು, ಒಬ್ಬರು ಇನ್ನೊಬ್ಬರಿಗೆ ಬಿಡಿಸಿಕೊಳ್ಳಲು ಬಾರದ ಹಾಗೆ ಉಡಿಸುವುದು ಇನ್ನೊಂದು. ಎರಡೂ ಧರ್ಮದ ಹೆಸರಿನಲ್ಲೇ ನಡೆದಿವೆ, ಎರಡನ್ನೂ ನೋಡದ ವ್ಯಾಖ್ಯಾನ ಅರ್ಧ ವ್ಯಾಖ್ಯಾನ ಅಂದರು. ಮುಟ್ಟಬಾರದ್ದು ಯಾವುದು ಎಂದು ಕೇಳಿದರೆ ಸಾಲದು, ಹಾಗೆ ಇಟ್ಟವರು ಯಾರು, ಬಿಡಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದೂ ಕೇಳಬೇಕು. ಈ ಪ್ರಶ್ನೆ ತಮ್ಮದಲ್ಲ, ನನ್ನದು ಎಂದು ನನ್ನ ಕಡೆ ಕೈತೋರಿಸಿದರು. ಹಿಂದಿನ ಬೆಂಚಿನವನು, “ಇದು ಪರೀಕ್ಷಾಕ್ಕ ಬರತದೇನ್ರೀ?” ಅಂದ. “ಬರಂಗಿಲ್ಲ. ಬರಕೋ,” ಅಂದರು ಮೇಡಂ.

ನಾನು ಹಾಸ್ಟೆಲ್ ಬಿಡಲಿಲ್ಲ. ರಜೆಗೆ ದೇವದುರ್ಗಕ್ಕೆ ಹೋದಾಗ ಅಪ್ಪ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದ.

“ಉತ್ತರ ಸಿಕ್ತೇನವ್ವ?” ಅಂದ.

“ಸಿಕ್ತಪ್ಪ. ಮೇಡಂ ಅವರಪ್ಪನ್ನೇ ಕೇಳಿದ್ರು. ಆಯಿಗೆ ಹಂಗ ಮಾಡಿದವ್ರು ಯಾರು ಅಂತ.”

“ಏನಂದ್ರು? ಅವ್ರೂ ಕಾಲ ಹಂಗಿತ್ತು ಅಂದ್ರೇನು?”

“ಇಲ್ಲಪ್ಪ. ನಾವು ಅಂದ್ರು.”

ಅಪ್ಪ ಚೊಂಬು ಕೆಳಗಿಟ್ಟ. ಒಂದು ಕಾಲಿಗೆ ಇನ್ನೂ ನೀರು ಹಾಕಿರಲಿಲ್ಲ. ಹಾಗೇ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತ.

“ಇನ್ನೊಮ್ಮಿ ಹೇಳವ್ವ,” ಅಂದ.